ಅಮಾವಾಸ್ಯೆಗೆ ಕೂಡುವ ಸಂಘ

ಸಂಘ ಸಂಸ್ಥೆಗಳ ಇತಿಹಾಸ ಬರೆಯಲು ಕುಳಿತವರು ಸಾಮಾನ್ಯವಾಗಿ ಅಧ್ಯಕ್ಷರ ಪಟ್ಟಿಯಿಂದ ಶುರುಮಾಡುತ್ತಾರೆ. ಆಮೇಲೆ ಕಾರ್ಯದರ್ಶಿಗಳು, ಖಜಾಂಚಿಗಳು, ದೀಪ ಬೆಳಗಿಸಿದ ಮಂತ್ರಿಗಳು. ಹವ್ಯಾಸಿ ಖಗೋಳವೀಕ್ಷಕರ ಸಂಘಗಳಿಗೆ ಈ ಕ್ರಮ ಅಷ್ಟಾಗಿ ಒಗ್ಗುವುದಿಲ್ಲ. ಇಲ್ಲಿ ಪದಾಧಿಕಾರಿಗಳಿಗಿಂತ ಟೆಲಿಸ್ಕೋಪುಗಳ ಆಯುಸ್ಸು ಗಟ್ಟಿ. ಯಾರು ಯಾವುದನ್ನು ಯಾರಿಗೆ ಕೊಟ್ಟರು, ಅದು ಈಗ ಎಲ್ಲಿದೆ ಎಂದು ಹುಡುಕಿಕೊಂಡು ಹೋದರೆ ಇತಿಹಾಸದ ಮುಕ್ಕಾಲು ಪಾಲು ಸಿಕ್ಕಿಬಿಡುತ್ತದೆ. 1976ರಲ್ಲಿ ಹುಟ್ಟಿದ ಬೆಂಗಳೂರು ಹವ್ಯಾಸಿ ಖಗೋಳವೀಕ್ಷಕರ ಸಂಘಕ್ಕೆ ಐವತ್ತು ತುಂಬುವ ಈ ಹೊತ್ತಿನಲ್ಲಿ ನಾನೂ ಒಂದು ಟೆಲಿಸ್ಕೋಪಿನಿಂದಲೇ ಆರಂಭಿಸುತ್ತೇನೆ. ಅದು ನಮ್ಮ ಸಂಘದ್ದಲ್ಲ, ಬೆಂಗಳೂರಿನದೂ ಅಲ್ಲ. ಆದರೆ ಈ ದೇಶದಲ್ಲಿ ಹವ್ಯಾಸಿ ಎಂಬ ಮಾತಿಗೆ ಇರುವ ಗೌರವದಲ್ಲಿ ದೊಡ್ಡ ಪಾಲು ಅದರದು.

ಈಗ ಬಾಂಗ್ಲಾದೇಶದಲ್ಲಿರುವ ಜೆಸ್ಸೋರ್ ಸೀಮೆಯ ಬಾಗ್‌ಚರ್ ಎಂಬ ಹಳ್ಳಿಯಲ್ಲಿ 1878ರಲ್ಲಿ ಹುಟ್ಟಿದವರು ರಾಧಾಗೋವಿಂದ ಚಂದ್ರ. ಓದು ತಲೆಗೆ ಹತ್ತಲಿಲ್ಲ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸಾದರು. ಜೆಸ್ಸೋರಿನ ಖಜಾನೆಯಲ್ಲಿ ನಾಣ್ಯಗಳ ಅಸಲಿ ನಕಲಿ ನೋಡುವ ಸಣ್ಣ ನೌಕರಿ ಸಿಕ್ಕಿತು. 1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ದಿನವೂ ನೋಡಿ ಬರೆದಿಟ್ಟರು. ಎರಡು ವರ್ಷದ ಮೇಲೆ, ಸಂಬಳದಲ್ಲಿ ಉಳಿಸಿದ ಹಣದಿಂದ ಇಂಗ್ಲೆಂಡಿನಿಂದ ಮೂರು ಇಂಚಿನ ಟೆಲಿಸ್ಕೋಪ್ ತರಿಸಿಕೊಂಡರು. 1918ರ ಜೂನ್ ಮೊದಲ ವಾರ ಗರುಡ ನಕ್ಷತ್ರಪುಂಜದಲ್ಲಿ, ನಕಾಶೆಯಲ್ಲಿ ಇಲ್ಲದ ಒಂದು ಪ್ರಖರ ನಕ್ಷತ್ರ ಅವರ ಬರಿಗಣ್ಣಿಗೆ ಬಿತ್ತು. ಅದು ಆ ಶತಮಾನದ ಅತಿ ಪ್ರಕಾಶಮಾನ ನೋವಾ. ಇದನ್ನೆಲ್ಲ ಬರೆದು ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯಕ್ಕೆ ಕಳುಹಿಸಿದರು. ಖಜಾನೆಯ ಗುಮಾಸ್ತನ ಪತ್ರವನ್ನು ಅಲ್ಲಿಯವರು ಕಸದ ಬುಟ್ಟಿಗೆ ಹಾಕಲಿಲ್ಲ.

ಚರಕಾಂತಿ ನಕ್ಷತ್ರಗಳ ವೀಕ್ಷಕರು ಕಟ್ಟಿಕೊಂಡ ಅಮೆರಿಕದ ಸಂಘವೊಂದಿದೆ, 1911ರಲ್ಲಿ ಶುರುವಾದದ್ದು. ಎಎವಿಎಸ್‌ಒ ಎಂದು ನಾವೆಲ್ಲ ಕರೆಯುವುದು ಅದನ್ನೇ. ರಾಧಾಗೋವಿಂದರು ಅದರ ಸದಸ್ಯರಾದರು. ಕೆಲಸವೇನೋ ಸರಳ. ಬೆಳಕು ಏರಿಳಿಯುವ ನಕ್ಷತ್ರವನ್ನು ಅದರ ಸುತ್ತಲಿನ ಸ್ಥಿರ ನಕ್ಷತ್ರಗಳ ಜೊತೆ ಹೋಲಿಸಿ, ಇದಕ್ಕಿಂತ ಮಂಕು, ಅದಕ್ಕಿಂತ ಉಜ್ಜ್ವಲ ಎಂದು ಅಳೆದು ಬರೆಯಬೇಕು. ಆ ನಕಾಶೆಗಳಲ್ಲಿ 8.5 ಕಾಂತಿಮಾನದ ನಕ್ಷತ್ರಕ್ಕೆ 85 ಎಂದಷ್ಟೇ ಗುರುತು ಹಾಕುತ್ತಾರೆ. ದಶಮಾಂಶದ ಚುಕ್ಕಿ ಇಟ್ಟರೆ ಅದೇ ಇನ್ನೊಂದು ನಕ್ಷತ್ರವೆಂದು ವೀಕ್ಷಕ ಮೋಸ ಹೋದಾನು ಎಂಬ ಎಚ್ಚರ. ಅಂಥ ನಕಾಶೆ ಮುಂದಿಟ್ಟುಕೊಂಡು, ರಾತ್ರಿಗಳನ್ನು ಆಕಾಶಕ್ಕೆ ಕೊಟ್ಟು 1954ರವರೆಗೆ ಅವರು ಕಳುಹಿಸಿದ ವೀಕ್ಷಣೆಗಳು ಸುಮಾರು 37,000. ಈ ಶ್ರದ್ಧೆ ಕಂಡು 1926ರಲ್ಲಿ ಆ ಸಂಘ ಅವರಿಗೆ ಆರೂಕಾಲು ಇಂಚಿನ ಟೆಲಿಸ್ಕೋಪೊಂದನ್ನು ಹಡಗಿನಲ್ಲಿ ಕಳುಹಿಸಿಕೊಟ್ಟಿತು. ಬಳಸಿ, ಮುಗಿದ ಮೇಲೆ ಮುಂದಿನವರಿಗೆ ಕೊಡಿ ಎಂಬ ಲೆಕ್ಕದಲ್ಲಿ.

ಅವರು ಹಾಗೆಯೇ ನಡೆದುಕೊಂಡರು. ವೀಕ್ಷಣೆ ನಿಲ್ಲಿಸಿದಾಗ ಆ ಟೆಲಿಸ್ಕೋಪ್ ವೈನು ಬಾಪು ಅವರ ಕೈಸೇರಿತು. ಬಾಪು ಕೂಡ ಹವ್ಯಾಸಿಯಾಗಿಯೇ ಕಣ್ಣು ತೆರೆದವರು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ನೌಕರ. ಮಗ ಕಾಲೇಜಿನಲ್ಲಿ ಇರುವಾಗಲೇ ಚರಕಾಂತಿ ನಕ್ಷತ್ರಗಳನ್ನು ಅಳೆದು ಪ್ರಕಟಿಸುತ್ತಿದ್ದ. ಹಾರ್ವರ್ಡಿಗೆ ಓದಲು ಹೋದ 1949ರಲ್ಲೇ ಧೂಮಕೇತುವೊಂದನ್ನು ಕಂಡುಹಿಡಿದವರ ಹೆಸರಲ್ಲಿ ಬಾಪು ಹೆಸರು ಸೇರಿತು. ಮುಂದೆ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ ಅವರು ವೀಕ್ಷಣಾಲಯ ಕಟ್ಟಿದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ತಳಪಾಯ ಹಾಕಿದವರೂ ಅವರೇ. ರಾಧಾಗೋವಿಂದರ ಟೆಲಿಸ್ಕೋಪ್ ಕೊನೆಗೆ ಕಾವಲೂರಿನಲ್ಲಿ ನೆಲೆಗೊಂಡಿತು.

ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ಕಥೆ ಅದೇ ಬಂಗಾಳದಲ್ಲಿ ಆಗಿಹೋಯಿತು. 1910ರಲ್ಲಿ, ಹ್ಯಾಲಿಯ ಸಂಭ್ರಮದಲ್ಲಿ, ಕಲ್ಕತ್ತೆಯಲ್ಲಿ ಆಸ್ಟ್ರನಾಮಿಕಲ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿತು. ಕಟ್ಟಿದವರು ಎಚ್. ಜಿ. ಟಾಮ್‌ಕಿನ್ಸ್ ಎಂಬ ಬ್ರಿಟಿಷ್ ಅಧಿಕಾರಿ. ಆಗ ಅಲ್ಲಿನ ಹಣಕಾಸು ಇಲಾಖೆಯಲ್ಲಿದ್ದ ಸಿ. ವಿ. ರಾಮನ್ ಕೂಡ ಸದಸ್ಯರು. ಪತ್ರಿಕೆ ಇತ್ತು, ಸಭೆಗಳಿದ್ದವು, ದೊಡ್ಡವರ ಹೆಸರುಗಳಿದ್ದವು. ಆದರೂ ಆ ಸಂಘ ಬಹುಕಾಲ ಬಾಳಲಿಲ್ಲ. ವರ್ಗವಾಗಿ ಊರು ಬಿಡುವ ಅಧಿಕಾರಿಗಳನ್ನು ನೆಚ್ಚಿದ ಸಂಘ, ಅವರು ಗಂಟುಮೂಟೆ ಕಟ್ಟಿದ ದಿನ ಬಾಗಿಲು ಹಾಕಿಕೊಳ್ಳುತ್ತದೆ ಎಂದು ನನ್ನ ತೀರ್ಮಾನ. ಹೆಸರುವಾಸಿಗಳ ಆ ಸಂಘ ಅಳಿಯಿತು, ಹಳ್ಳಿಯ ಒಬ್ಬ ಗುಮಾಸ್ತನ ಟೆಲಿಸ್ಕೋಪ್ ಉಳಿಯಿತು.

ಬೆಂಗಳೂರಿಗೆ ಬರೋಣ. ನಮ್ಮ ಸಂಘ ಹುಟ್ಟಿದ 1976ರಲ್ಲಿ ಈ ಊರಿನ ಸುತ್ತ ಆಕಾಶದ ಕೆಲಸ ಬಿರುಸಾಗಿತ್ತು. ಕಾವಲೂರಿನಲ್ಲಿ ಒಂದು ಮೀಟರಿನ ಟೆಲಿಸ್ಕೋಪ್ ಆಗಲೇ ಕೆಲಸ ಮಾಡುತ್ತಿತ್ತು. ಗೌರಿಬಿದನೂರಿನ ಬಯಲಲ್ಲಿ ಸಾವಿರ ಆಂಟೆನಾಗಳ ರೇಡಿಯೊ ಟೆಲಿಸ್ಕೋಪ್ ಸಾಲುಗಟ್ಟಿ ನಿಂತದ್ದೂ ಆ ದಿನಗಳಲ್ಲೇ. ಕನ್ನಡದಲ್ಲಿ ಆರ್. ಎಲ್. ನರಸಿಂಹಯ್ಯನವರ ಪುಸ್ತಕಗಳು ಮೊದಲೇ ಬಂದಿದ್ದವು, ಜಿ. ಟಿ. ನಾರಾಯಣ ರಾಯರು ಬರೆಯುತ್ತಿದ್ದರು. ಇಂಗ್ಲಿಷಿನ ನಕಾಶೆ ಹಿಡಿದು ತಡವರಿಸುತ್ತಿದ್ದ ನಮ್ಮಂಥವರಿಗೆ ಮಹಾವ್ಯಾಧ, ಲುಬ್ಧಕ, ತ್ರಿಶಂಕು ಎಂಬ ಹೆಸರುಗಳನ್ನು ಕೈಗಿಟ್ಟವರು ಇವರು.

1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲಾ, ಕಾರವಾರದ ಕರಾವಳಿಯಲ್ಲಿ ನೆಲ ಮುಟ್ಟಿ ರಾಯಚೂರಿನತ್ತ ಸಾಗಿತು. ಆ ದಿನ ಬಾಗಿಲು ಕಿಟಕಿ ಭದ್ರ ಮಾಡಿಕೊಂಡು ಒಳಗೆ ಕೂತವರೇ ನಾಡಿನಲ್ಲಿ ಹೆಚ್ಚು. 1986ರಲ್ಲಿ ಹ್ಯಾಲಿ ಮತ್ತೆ ಬಂತು. ಅದೇ ವರ್ಷ ಜನವರಿ 6ರಂದು ಕಾವಲೂರಿನ 2.34 ಮೀಟರಿನ ಟೆಲಿಸ್ಕೋಪಿಗೆ, ಆ ವೇಳೆಗೆ ತೀರಿಹೋಗಿದ್ದ ಬಾಪು ಅವರ ಹೆಸರಿಟ್ಟರು. 1989ರಲ್ಲಿ ಚೌಡಯ್ಯ ರಸ್ತೆಯಲ್ಲಿ ಜವಾಹರಲಾಲ್ ನೆಹರೂ ತಾರಾಲಯ ತೆರೆಯಿತು. ಹವ್ಯಾಸಿಗಳು ಭಾನುವಾರದ ಸಂಜೆ ಕೂಡಲು ಒಂದು ವಿಳಾಸ ಸಿಕ್ಕಿತು. ಆಮೇಲಿನದನ್ನು ಓದುಗರೇ ಕಂಡಿದ್ದಾರೆ: 1997ರ ಹೇಲ್-ಬಾಪ್, 2004 ಮತ್ತು 2012ರ ಶುಕ್ರ ಸಂಕ್ರಮ, 2020ರ ಡಿಸೆಂಬರಿನಲ್ಲಿ ಗುರು ಶನಿ ಅಂಟಿಕೊಂಡಂತೆ ನಿಂತ ಸಂಜೆ.

ಸಂಘ ಹುಟ್ಟಿದ ದಿನಗಳ ಹವ್ಯಾಸಿಗಳಿಗೆ ಟೆಲಿಸ್ಕೋಪ್ ಅಂಗಡಿಯಲ್ಲಿ ಸಿಗುವ ಸಾಮಾನಾಗಿರಲಿಲ್ಲ. ಬೇಕಿದ್ದರೆ ಉಜ್ಜಿಕೊಳ್ಳಬೇಕು. ಒಂದೇ ಅಳತೆಯ ಎರಡು ದಪ್ಪ ಗಾಜಿನ ಬಿಲ್ಲೆ, ನಡುವೆ ಕಾರ್ಬೊರಂಡಂ ಪುಡಿ, ನೀರು. ಒಂದನ್ನು ಡ್ರಮ್ಮಿನ ಮೇಲೆ ಕೂರಿಸಿ, ಇನ್ನೊಂದನ್ನು ಅದರ ಮೇಲೆ ಹಿಂದೆ ಮುಂದೆ ಉಜ್ಜುತ್ತ ಡ್ರಮ್ಮಿನ ಸುತ್ತ ನಡೆಯುವುದು. ಮೇಲಿನ ಗಾಜು ಬರಬರುತ್ತ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಒರಟು ಪುಡಿಯಿಂದ ನಯ ಪುಡಿಗೆ, ಅಲ್ಲಿಂದ ಕರಿ ಪಿಚ್ಚಿನ ಅಚ್ಚಿನ ಮೇಲೆ ಸೀರಿಯಂ ಆಕ್ಸೈಡಿಗೆ. ಒರಟು ಪುಡಿಯ ಒಂದು ಹರಳು ನಯ ಪುಡಿಯ ಹಂತದಲ್ಲಿ ನುಸುಳಿತೋ, ಗೀರು ಬಿದ್ದು ವಾರದ ಕೆಲಸ ಮಣ್ಣುಪಾಲು. ಹಾಗಾಗಿ ಹಂತ ಬದಲಿಸುವ ದಿನ ಬಕೆಟ್ಟು, ಬಟ್ಟೆ, ಉಗುರಿನ ಸಂದಿ ಎಲ್ಲ ತೊಳೆದುಕೊಳ್ಳುವ ಮಡಿ ಇತ್ತು.

ಪರೀಕ್ಷೆಗೆ ಬೇಕಾದದ್ದು ಒಂದು ಸಣ್ಣ ದೀಪ, ಒಂದು ಶೇವಿಂಗ್ ಬ್ಲೇಡು. ಫ್ರಾನ್ಸಿನ ಫೂಕೊ 1858ರಲ್ಲಿ ಹೇಳಿಕೊಟ್ಟ ಉಪಾಯ. ಕನ್ನಡಿಯಿಂದ ಹಿಂದಿರುಗಿ ಬರುವ ಬೆಳಕಿನ ಮೊನೆಯನ್ನು ಬ್ಲೇಡಿನ ಅಂಚಿನಿಂದ ಮೆಲ್ಲನೆ ಕತ್ತರಿಸಿದರೆ ಇಡೀ ಕನ್ನಡಿಯ ಮೈ ನೆರಳು ಬೆಳಕಾಗಿ ಎದ್ದು ಕಾಣುತ್ತದೆ. ಕನ್ನಡಿಯ ಮೇಲೆ ಬೆರಳನ್ನು ಕೆಲವು ಸೆಕೆಂಡು ಒತ್ತಿ ತೆಗೆದರೆ, ಆ ಬಿಸಿಗೆ ಗಾಜು ಉಬ್ಬಿದ್ದು ಗುಡ್ಡದಂತೆ ಕಾಣಿಸಿ ನಿಧಾನ ಕರಗುತ್ತದೆ. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ತಪ್ಪಿರುವ ಗಾಜನ್ನು ಬರಿಗೈಯಲ್ಲಿ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ರಾಧಾಗೋವಿಂದರಿಗೆ ಹೋದ ಟೆಲಿಸ್ಕೋಪಿನ ಮೂಲ ದಾನಿ ಚಾರ್ಲ್ಸ್ ಎಲ್ಮರ್ ಎಂಬ ಅಮೆರಿಕದ ಹವ್ಯಾಸಿ. ಅವರೇ 1937ರಲ್ಲಿ ರಿಚರ್ಡ್ ಪರ್ಕಿನ್ ಜೊತೆಗೂಡಿ ಪರ್ಕಿನ್-ಎಲ್ಮರ್ ಕಂಪನಿ ಕಟ್ಟಿದರು. ಎಲ್ಮರ್ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಹಬಲ್ ಟೆಲಿಸ್ಕೋಪಿನ 2.4 ಮೀಟರಿನ ಕನ್ನಡಿ ಉಜ್ಜಿದ್ದು ಇದೇ ಕಂಪನಿ. 1990ರಲ್ಲಿ ಅದು ಮೇಲೆ ಹೋದಮೇಲೆ ಚಿತ್ರಗಳು ಮಸುಕು. ಪರೀಕ್ಷೆಯ ಸಲಕರಣೆಯಲ್ಲಿ ಮಸೂರವೊಂದು 1.3 ಮಿಲಿಮೀಟರ್ ಆಚೆ ಕೂತಿತ್ತು, ಕನ್ನಡಿಯ ಅಂಚು 2.2 ಮೈಕ್ರಾನ್ ಹೆಚ್ಚು ಚಪ್ಪಟೆಯಾಗಿತ್ತು. ಬೇರೆ ಪರೀಕ್ಷೆಗಳು ತಪ್ಪನ್ನು ತೋರಿಸಿದ್ದವು, ಆದರೆ ದುಬಾರಿ ಸಲಕರಣೆಯ ಮಾತನ್ನೇ ಅಲ್ಲಿಯವರು ನಂಬಿದರು. ಕನ್ನಡಿ ಉಜ್ಜುವ ಹವ್ಯಾಸಿಗಳು ಈ ಕಥೆಯನ್ನು ತುಸು ಖುಷಿಯಿಂದಲೇ ಹೇಳಿಕೊಳ್ಳುತ್ತಾರೆ. ಎರಡನೆಯ ಪರೀಕ್ಷೆ ಒಪ್ಪದೆ ಕನ್ನಡಿ ಮುಗಿಯಿತೆನ್ನಬೇಡ ಎಂದು ನಮಗೆ ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ.

ಈಗಿನ ಸಂಜೆಗಳ ಮಾತು. ಲೋಕವೆಲ್ಲ ಅಮಾವಾಸ್ಯೆಗೆ ಹೊರಡುವ ಕೆಲಸ ಮುಂದಕ್ಕೆ ಹಾಕಿದರೆ ನಾವು ಅಂದೇ ಹೊರಡುವವರು. ಅಮಾವಾಸ್ಯೆಗೆ ಹತ್ತಿರದ ಶನಿವಾರ, ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ಮುಂಗಾರು ಹಿಡಿದರೆ ನಾಲ್ಕು ತಿಂಗಳು ರಜೆ. ಮೊದಲು ಊರಂಚಿನಲ್ಲೇ ಆಗುತ್ತಿದ್ದದ್ದು ಈಗ ಮಧುಗಿರಿ, ಪಾವಗಡದ ಕಡೆಯ ಬಯಲಿಗೆ ದೂಡಲ್ಪಟ್ಟಿದೆ. ಹೊತ್ತು ಮುಳುಗುವ ಮುಂಚೆ ಜಾಗ ಸೇರಬೇಕು. ಕತ್ತಲಾದ ಮೇಲೆ ಬಂದವರ ಕಾರಿನ ಹೆಡ್‌ಲೈಟಿಗೆ ಎಲ್ಲರ ಬೈಗುಳ ಮೀಸಲು, ಏಕೆಂದರೆ ಕಣ್ಣು ಕತ್ತಲೆಗೆ ಒಗ್ಗಲು ಅರ್ಧ ಗಂಟೆ ಬೇಕು, ಕೆಡಲು ಒಂದು ಕ್ಷಣ ಸಾಕು. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು, ಸ್ವೆಟರ್, ಮಂಕಿಕ್ಯಾಪು, ಫ್ಲಾಸ್ಕು, ಚಿತ್ರಾನ್ನದ ಡಬ್ಬಿಗಳೊಂದಿಗೆ ಜನ ಬಂದು ಸೇರುತ್ತಾರೆ.

ಊರವರೂ ಬರುತ್ತಾರೆ. ಒಂದು ಜನವರಿಯ ರಾತ್ರಿ ಪಕ್ಕದ ಹೊಲದ ಹಿರಿಯರೊಬ್ಬರು ಕಂಬಳಿ ಹೊದ್ದು ಬಂದು, "ರೋಹಿಣಿ ಮಳೆ, ಮೃಗಶಿರ ಮಳೆ ಅಂತೀವಲ್ಲ ಸ್ವಾಮಿ, ಆ ರೋಹಿಣಿ ಯಾವುದು, ತೋರ್ಸಿ" ಎಂದರು. ರೋಹಿಣಿ ನೆತ್ತಿಯ ಮೇಲೇ ಕೆಂಪಗೆ ಇತ್ತು. "ಮತ್ತೆ ಮಳೆಗಾಲದಾಗೆ ಕಾಣಾಕಿಲ್ವಲ್ಲ?" ಎಂಬುದು ಅವರ ಮುಂದಿನ ಪ್ರಶ್ನೆ. ಮೋಡ ಇಲ್ಲದಿದ್ದರೂ ಕಾಣದು. ಸೂರ್ಯ ಆ ನಕ್ಷತ್ರದ ಬಳಿ ಇರುವ ದಿನಗಳಿಗೇ ರೋಹಿಣಿ ಮಳೆ ಎನ್ನುವುದು. ಯಾವ ನಕ್ಷತ್ರದ ಮಳೆಯೋ ಆ ನಕ್ಷತ್ರ ಆ ದಿನಗಳಲ್ಲಿ ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತದೆ. ಹೆಸರು ಗೊತ್ತಿದ್ದು ಮುಖ ಗೊತ್ತಿರದ ನಕ್ಷತ್ರಗಳನ್ನು ಅವರು ಒಂದೊಂದಾಗಿ ಕೇಳಿ ತಿಳಿದುಕೊಂಡರು. ಇಂಥ ಪ್ರಶ್ನೆ ನಗರದ ಶಿಬಿರಗಳಲ್ಲಿ ನನಗೆ ಎದುರಾಗಿಲ್ಲ.

ಇತ್ತ ಛಾಯಾಗ್ರಾಹಕರ ಗುಂಪು ಧ್ರುವ ನಕ್ಷತ್ರ ಹುಡುಕುತ್ತಿರುತ್ತದೆ. ಭೂಮಿ ತಿರುಗುವುದಕ್ಕೆ ಸರಿಯಾಗಿ ಕ್ಯಾಮೆರಾ ತಿರುಗಬೇಕಾದರೆ ಮೌಂಟಿನ ಅಕ್ಷ ಧ್ರುವದತ್ತ ಮುಖ ಮಾಡಬೇಕು. ನಮ್ಮ ಅಕ್ಷಾಂಶ 13 ಡಿಗ್ರಿ, ಹಾಗಾಗಿ ಧ್ರುವನೂ ದಿಗಂತದಿಂದ ಅಷ್ಟೇ ಎತ್ತರ. ಹೊಲದ ಬದುವಿನ ಹೊಂಗೆ ಮರವೊಂದು ಸಾಕು ಅವನನ್ನು ಮರೆಮಾಡಲು. ಐರೋಪ್ಯರಿಗೂ ಅಮೆರಿಕದವರಿಗೂ ಎಂದು ಮಾಡಿದ ಮೌಂಟುಗಳು ಇಷ್ಟು ತಗ್ಗಿಗೆ ಬಾಗಲು ಒಪ್ಪುವುದಿಲ್ಲ. ಬಾಗಿದರೆ ತೂಕದ ಸರಳು ಸ್ಟ್ಯಾಂಡಿನ ಕಾಲಿಗೆ ಬಡಿಯುತ್ತದೆ. ಒಂದು ಕಾಲಿನ ಕೆಳಗೆ ಕಲ್ಲು ಒಟ್ಟಿ, ಮಂಡಿಯೂರಿ, ಕತ್ತು ತಿರುಚಿ ಧ್ರುವನನ್ನು ಹಿಡಿಯುವುದು ಬೆಂಗಳೂರು ಸೀಮೆಯ ಹವ್ಯಾಸಿಗೆ ತಪ್ಪದ ಕಸರತ್ತು. ಅದಕ್ಕೆ ಪ್ರತಿಫಲವೂ ಉಂಟು. ಲಂಡನ್ನಿನವರಿಗೆ ಎಂದೂ ಕಾಣದ ಒಮೇಗಾ ಸೆಂಟಾರಿ ನಕ್ಷತ್ರಗುಚ್ಛ ನಮಗೆ ದಕ್ಷಿಣದಲ್ಲಿ 30 ಡಿಗ್ರಿ ಮೇಲೇರುತ್ತದೆ, ಧನು ವೃಶ್ಚಿಕಗಳ ನೀಹಾರಿಕೆಗಳು ಎತ್ತರದಲ್ಲಿ ತೂಗುತ್ತವೆ, ತ್ರಿಶಂಕುವೂ ದರ್ಶನ ಕೊಡುತ್ತದೆ.

ಫಿಲ್ಮಿನ ಕಾಲದಲ್ಲಿ ಈ ಕೆಲಸ ತಪಸ್ಸೇ ಆಗಿತ್ತು. ಮಂದ ಬೆಳಕಿಗೆ ಫಿಲ್ಮು ಕೆಲವು ನಿಮಿಷಗಳಲ್ಲೇ ಸೋಮಾರಿಯಾಗುತ್ತದೆ. ಅದಕ್ಕಾಗಿ ಮುಕ್ಕಾಲು ಗಂಟೆ ಶಟರ್ ತೆರೆದಿಟ್ಟು, ಪಕ್ಕದ ಟೆಲಿಸ್ಕೋಪಿನ ಅಡ್ಡಗೆರೆಗಳ ಮೇಲೆ ಒಂದು ನಕ್ಷತ್ರವನ್ನು ನಿಲ್ಲಿಸಿ, ಅದು ಕದಲಿದಾಗಲೆಲ್ಲ ಗುಂಡಿ ಒತ್ತಿ ಹಿಂದಕ್ಕೆ ತರಬೇಕು. ಇಷ್ಟಾದ ಮೇಲೆ ಸ್ಟುಡಿಯೋದವರು "ರೋಲೆಲ್ಲ ಕಪ್ಪು ಸಾರ್, ಏನೂ ಬಂದಿಲ್ಲ" ಎಂದು ಪ್ರಿಂಟು ಹಾಕದೆ ಕೊಟ್ಟುಬಿಡುತ್ತಿದ್ದರು. ಅದಕ್ಕೇ ಮೊದಲ ಫ್ರೇಮಿನಲ್ಲಿ ಹಗಲು ಹೊತ್ತಿನ ತುಳಸಿಕಟ್ಟೆಯನ್ನೋ ಎದುರುಮನೆಯ ಮಗುವನ್ನೋ ಹೊಡೆದಿಡುವುದು ರೂಢಿ. ಎಲ್ಲಿಂದ ಕತ್ತರಿಸಬೇಕು ಎಂಬುದಾದರೂ ಅವರಿಗೆ ತಿಳಿಯಲಿ ಎಂದು.

ಇಂದು ಮೂರು ಮೂರು ನಿಮಿಷದ ಚಿತ್ರಗಳನ್ನು ರಾತ್ರಿಯಿಡೀ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸುತ್ತಾರೆ. ನಾಲ್ಕು ಪಟ್ಟು ಚಿತ್ರ ಸೇರಿಸಿದರೆ ಕಾಳುಕಾಳಾದ ಗದ್ದಲ ಅರ್ಧಕ್ಕೆ ಇಳಿಯುತ್ತದೆ ಎಂಬುದು ಲೆಕ್ಕ. ನಡುವೆ ಮುಚ್ಚಳ ಹಾಕಿಯೇ ಕೆಲವು ಚಿತ್ರ, ಸೆನ್ಸರಿನ ತಾಪದ ಕಲೆಗಳನ್ನು ಕಳೆಯಲು. ಮುಂಜಾವಿಗೆ ಟೆಲಿಸ್ಕೋಪಿನ ಬಾಯಿಗೆ ಬಿಳಿ ಬನಿಯನ್ ಬಿಗಿದು ಇನ್ನು ಕೆಲವು, ಧೂಳಿನ ನೆರಳು ಕಳೆಯಲು. ಆ ಬನಿಯನ್ ತೊಟ್ಟ ಟೆಲಿಸ್ಕೋಪು ನೋಡಿ ಹಾಲು ಹಾಕಲು ಹೊರಟವರು ಸೈಕಲ್ ನಿಲ್ಲಿಸಿ ನಗುವುದುಂಟು. ಮಹಾವ್ಯಾಧನ ನೀಹಾರಿಕೆ ಕಣ್ಣಿಗೆ ಬೂದು ಹಸಿರು. ಕ್ಯಾಮೆರಾಗೆ ಕಡುಗೆಂಪು, ಏಕೆಂದರೆ ಜಲಜನಕ ಹೊಮ್ಮಿಸುವ 656 ನ್ಯಾನೊಮೀಟರಿನ ಬೆಳಕನ್ನು ಕತ್ತಲೆಗೆ ಒಗ್ಗಿದ ಕಣ್ಣು ಬಹುತೇಕ ಹಿಡಿಯದು.

ಕಣ್ಣಿನವರಿಗೂ ಕ್ಯಾಮೆರಾದವರಿಗೂ ಜಗಳ ಇದ್ದದ್ದೇ. ಲ್ಯಾಪ್‌ಟಾಪಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದು ಇವರು. ಟೆಲಿಸ್ಕೋಪಿನ ಕಾಲಿಗೆ ಎಡವಿ ಇಡೀ ಗಂಟೆಯ ಚಿತ್ರ ಕೆಡಿಸಿದಿರಿ ಎಂದು ಅವರು. ಬಣ್ಣ ಬಳಿದ ಚಿತ್ರ, ಅದರಲ್ಲೇನು ವಿಜ್ಞಾನ ಎಂದು ಹಿರಿಯರು ಮೂಗು ಮುರಿಯುವುದನ್ನು ಕೇಳಿದ್ದೇನೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. 2023ರ ಆರಂಭದಲ್ಲಿ ಪ್ರಕಟವಾದ ಒಂದು ಸುದ್ದಿ ಸಾಕು: 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮೆಡಾ ಗೆಲಾಕ್ಸಿಯ ಪಕ್ಕದಲ್ಲೇ, ಆಕ್ಸಿಜನ್ ಬೆಳಕಿನ ಒಂದು ದೊಡ್ಡ ಕಮಾನು ಪತ್ತೆಯಾಯಿತು. ಲೋಕದ ಅತಿ ಹೆಚ್ಚು ಫೋಟೊ ತೆಗೆಸಿಕೊಂಡ ಗೆಲಾಕ್ಸಿ ಅದು. ದೊಡ್ಡ ದೊಡ್ಡ ವೀಕ್ಷಣಾಲಯಗಳಿಗೆ ಅದುವರೆಗೆ ಕಂಡಿರಲಿಲ್ಲ. ಕಂಡವರು ಡ್ರೆಕ್ಸ್ಲರ್, ಸ್ಟ್ರಾಟ್ನರ್, ಸೈಂಟಿ ಎಂಬ ಮೂವರು ಹವ್ಯಾಸಿಗಳು, ಸಣ್ಣ ಟೆಲಿಸ್ಕೋಪಿನಿಂದ, ನೂರು ಗಂಟೆಗೂ ಮೀರಿದ ಎಕ್ಸ್‌ಪೋಶರಿನಲ್ಲಿ. ಒಂದೇ ಗುರಿಗೆ ಅಷ್ಟು ರಾತ್ರಿ ಕೊಡುವ ಸವಲತ್ತು ಸರ್ಕಾರಿ ಟೆಲಿಸ್ಕೋಪಿನಲ್ಲಿ ಸುಲಭಕ್ಕೆ ಯಾರಿಗೂ ಸಿಗದು.

ನನ್ನ ಆಕ್ಷೇಪ ಬೇರೆ ಇದೆ. ಮೊಬೈಲಿನಲ್ಲಿ ಹೆಸರು ಒತ್ತಿದರೆ ತಾನೇ ತಿರುಗಿ, ತಾನೇ ಹುಡುಕಿ, ತಾನೇ ಚಿತ್ರ ಪೇರಿಸಿ ಕೊಡುವ ಪುಟ್ಟ ಟೆಲಿಸ್ಕೋಪುಗಳು ಈಗ ಬಂದಿವೆ. ಬರಲಿ, ಮಕ್ಕಳು ಅವುಗಳ ಮುಂದೆ ಕುಣಿಯುವುದನ್ನು ನೋಡುವುದೇ ಚೆಂದ. ಆದರೆ ಶಿವರಾತ್ರಿಯ ಅಥವಾ ಯುಗಾದಿಯ ಹಿಂದುಮುಂದಿನ ಕತ್ತಲೆಯಲ್ಲಿ ಮೆಸ್ಸಿಯೆ ಪಟ್ಟಿಯ 110 ಕಾಯಗಳನ್ನು ಒಂದೇ ರಾತ್ರಿಯಲ್ಲಿ, ನಕ್ಷತ್ರದಿಂದ ನಕ್ಷತ್ರಕ್ಕೆ ಹೆಜ್ಜೆಯಿಟ್ಟು ಹುಡುಕುವವರು ಕಡಿಮೆಯಾಗುತ್ತಿದ್ದಾರೆ. ದಾರಿ ಗೊತ್ತಿರದವನಿಗೆ ದಾರಿಯಲ್ಲಿ ಹೊಸದೊಂದು ನಿಂತಿದ್ದರೂ ಗೊತ್ತಾಗುವುದಿಲ್ಲ. ರಾಧಾಗೋವಿಂದರು ನೋವಾ ಕಂಡದ್ದು ಗರುಡ ಪುಂಜ ಬಾಯಿಪಾಠವಾಗಿದ್ದರಿಂದ.

ಬೆಳಕಿನ ಹಾವಳಿಯ ಬಗ್ಗೆ ನಾನು ಇಷ್ಟೇ ಹೇಳುವೆ: ಆಕಾಶದ ಕತ್ತಲೆಗೆ ಒಂದರಿಂದ ಒಂಬತ್ತರವರೆಗೆ ದರ್ಜೆ ಕೊಡುವ ಪದ್ಧತಿಯನ್ನು 2001ರಲ್ಲಿ ರೂಪಿಸಿದ ಜಾನ್ ಬಾರ್ಟಲ್ ಕೂಡ ಹವ್ಯಾಸಿಯೇ. ಆ ಲೆಕ್ಕದಲ್ಲಿ ನಮ್ಮ ನಗರದ ನಡುಭಾಗ ಕಡೆಯ ದರ್ಜೆಯಲ್ಲಿದೆ. 2022ರಲ್ಲಿ ಲಡಾಖಿನ ಹಾನ್ಲೆಯನ್ನು ಕತ್ತಲೆಯ ಮೀಸಲು ಪ್ರದೇಶವೆಂದು ಘೋಷಿಸಿದರು. ಕರ್ನಾಟಕದಲ್ಲಿ ಅಂಥದೊಂದು ಹೋಬಳಿಯನ್ನಾದರೂ ಉಳಿಸಿಕೊಳ್ಳಬೇಕೆಂದು ಕೇಳುವ ಹಕ್ಕು ನಮ್ಮಂಥ ಸಂಘಗಳಿಗೆ ಇದೆ.

ಕೊನೆಯದಾಗಿ ಸದಸ್ಯರಲ್ಲಿ, ಹಳೆಯ ಸದಸ್ಯರ ಮನೆಯವರಲ್ಲಿ ಒಂದು ವಿನಂತಿ. ಹವ್ಯಾಸಿ ಸಂಘಗಳು ಎಲ್ಲೆಡೆ ಒಂದೇ ವಿಷಯದಲ್ಲಿ ಸೋಲುತ್ತವೆ, ದಾಖಲೆಯಲ್ಲಿ. ಅಟ್ಟದ ಮೇಲಿನ ಟ್ರಂಕುಗಳಲ್ಲಿ ಹಳೆಯ ವೀಕ್ಷಣೆಯ ನೋಟುಬುಕ್ಕು, ಪೆನ್ಸಿಲಿನ ಚಿತ್ರ, ನೆಗೆಟಿವ್, ಅರ್ಧ ಉಜ್ಜಿದ ಕನ್ನಡಿ ಏನಿದ್ದರೂ ರದ್ದಿಯವರಿಗೆ ಹಾಕಬೇಡಿ. ನೆಗೆಟಿವಿನ ಮೇಲೆ ದಿನಾಂಕ, ಸ್ಥಳ ನೆನಪಿದ್ದಷ್ಟು ಬರೆಯಿರಿ. ಈಗ ಚಿತ್ರ ತೆಗೆಯುವವರು ಬಣ್ಣ ತಿದ್ದಿದ ಪ್ರತಿಯ ಜೊತೆಗೆ ಮೂಲ ಫ್ರೇಮುಗಳನ್ನೂ, ಸಮಯವನ್ನೂ ಕಾಪಾಡಿ; ಇಂದು ಯಾರೂ ಗಮನಿಸದ ಚುಕ್ಕಿ ನಾಳೆ ಯಾರಿಗೋ ಬೇಕಾಗಬಹುದು. ಬಳಸದೆ ಮೂಲೆಗಿಟ್ಟ ಟೆಲಿಸ್ಕೋಪಿದ್ದರೆ ಬಳಸುವ ಹುಡುಗ ಹುಡುಗಿಯರಿಗೆ ದಾಟಿಸಿ. ಭಾನುವಾರ ಸಂಜೆ ತಾರಾಲಯದ ಕಡೆ ಬರುವಾಗ ಜೊತೆಗೆ ತನ್ನಿ.